ಮೈಸೂರಿಗೆ ಹತ್ತೇ ರೂಪಾಯಿ

ರಾತ್ರಿ ಹತ್ತೂವರೆ ಆಗಿರಬೇಕು. ನಮ್ಮ ಎದುರುಮನೆ ವೆಂಕಟಗಿರಿ ಸ್ಟೇಷನ್ನಿನಿಂದ ಮನೆ ಕಡೆ ನಡೆದು ಬರ್ತಾ ಇದ್ದ. ಜೊತೆಯಲ್ಲಿ ಟಿಕೆಟ್ ಕೌಂಟರಿನ ಗುರುಬಸಪ್ಪ. ರೈಲ್ವೆ ಕಾಂಪೌಂಡು ಮುಗಿದು ನಮ್ಮ ಲೇಔಟಿಗೆ ತಿರುಗೋ ಮೂಲೆಯಲ್ಲಿ ಒಂದು ಹಳೇ ಬಾವಿ ಇದೆ, ಮೇಲೆ ಕಬ್ಬಿಣದ ಜಾಲರಿ ಬಿಗಿದಿದ್ದಾರೆ. ನಾನು ಆ ದಾರಿಯಲ್ಲಿ ಹೋದರೆ ದೆವ್ವಗಳೇ ಎದ್ದು ನಿಂತು ಜಾಗ ಬಿಡುತ್ತವೆ, ಆ ಮಾತು ಬೇರೆ. ವೆಂಕಟಗಿರಿ ಪಾಪ ನನ್ನಂಥ ಗಂಡಲ್ಲ.

ಬಾವಿ ಹತ್ತಿರ ಬಂದಾಗ ಗುರುಬಸಪ್ಪ ದನಿ ಇಳಿಸಿದ.

"ಸಾರ್... ಆ ಮುನಿಯಪ್ಪ ಇದ್ದನಲ್ಲ, ಮಲ್ಲತ್ತಹಳ್ಳಿ ಗಾರೆ ಕೆಲಸದವನು."

"ಹೂಂ. ನಿನ್ನೆ ನನ್ನ ಹತ್ರಾನೇ ಮೈಸೂರಿಗೆ ಟಿಕೆಟ್ ತಗೊಂಡ."

"ರಾಮನಗರದಲ್ಲಿ ಹೆಣ ಇಳಿಸಿದ್ರಂತೆ. ಕೂತಲ್ಲೇ ಹೋಗಿದ್ದ."

ವೆಂಕಟಗಿರಿ ಅಲ್ಲೇ ನಿಂತುಬಿಟ್ಟ. ಅಷ್ಟರಲ್ಲಿ ಬಾವಿ ಒಳಗಿಂದ ಒಂದು ಸದ್ದು. ಕಪ್ಪೆಯಲ್ಲ, ನೀರಲ್ಲ. ಚರ್ರ್... ಚರ್ರ್... ಟಕ್. ಟಿಕೆಟ್ ಮೆಷೀನು ಕಾಗದ ಹೊರಗೆ ತಳ್ಳಿ ಕತ್ತರಿಸೋ ಸದ್ದು. ಮೂವತ್ತನಾಲ್ಕು ವರ್ಷ ರೈಲ್ವೆ ಅನ್ನ ತಿಂದವನಿಗೆ ಅದು ತಪ್ಪೋದುಂಟೇ? ಗುರುಬಸಪ್ಪನಿಗೆ ಏನೂ ಕೇಳಿಸಲಿಲ್ಲ. "ಯಾಕ್ ಸಾರ್ ನಿಂತ್ರಿ?" ಅಂದನಂತೆ.

ಯಾಕೆ ನಿಂತ ಅನ್ನೋದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ವೆಂಕಟಗಿರಿ ಬುಕಿಂಗ್ ಕ್ಲರ್ಕಾಗಿ ರಿಟೈರ್ ಆದವನು. ರಿಟೈರ್ ಆದ ಮೇಲೆ ಕೈಕಟ್ಟಿ ಕೂರೋಕಾಗದೆ ಅದೇ ಮೈಸೂರು ಲೈನಿನ ಒಂದು ಸಣ್ಣ ಸ್ಟೇಷನ್ನಿನಲ್ಲಿ ಟಿಕೆಟ್ ಮೆಷೀನಿನ ಪಕ್ಕ ನಿಲ್ಲೋ ಕೆಲಸ ಹಿಡಿದ. ಸ್ಟೇಷನ್ನಿನ ಹೆಸರು ಬೇಡ, ಅಲ್ಲಿನವರೆಲ್ಲ ನನಗೆ ಕಾಫಿ ಕೊಡಿಸೋ ಜನ. ಕೆಲಸ ಇಷ್ಟೇ. ಮೆಷೀನು ಒತ್ತೋಕೆ ಬರದವರು ಇವನ ಕೈಗೆ ದುಡ್ಡು ಕೊಡಬೇಕು, ಇವನು ತನ್ನ ಕಾರ್ಡು ಇಟ್ಟು ಟಿಕೆಟ್ ತೆಗೆದುಕೊಡಬೇಕು. ನೂರಕ್ಕೆ ಎರಡೋ ಮೂರೋ ಕಮಿಷನ್.

ಮೆಷೀನಿಗೂ ಕೌಂಟರಿಗೂ ಮೊದಲಿಂದಲೂ ಎಣ್ಣೆ ಸೀಗೇಕಾಯಿ. ಅಲ್ಲಿ ಹತ್ತು ಅಂದರೆ ಇಲ್ಲಿ ಮೂವತ್ತು, ಪ್ಯಾಸೆಂಜರ್ ರೇಟು ಅಂದರೆ ಎಕ್ಸ್‌ಪ್ರೆಸ್ ರೇಟು. "ಇದರಲ್ಲಿ ನಿಮ್ಮದೆಷ್ಟು ಅಂಕಲ್?" ಅಂತ ಹುಡುಗರು ಚುಚ್ಚೋರು. ಜಾಸ್ತಿ ಕಿತ್ತರೆ ಜನ ಜಗಳಕ್ಕೆ ಬರ್ತಾರೆ. ಕಡಿಮೆ ಕಿತ್ತರೆ? ಯಾವನೂ ಬಾಯಿ ಬಿಡಲ್ಲ.

ಅಲ್ಲೇ ವೆಂಕಟಗಿರಿ ಎಡವಿದ್ದು. ಅವನಿಗೆ ದರಪಟ್ಟಿ ಪೂರ್ತಿ ಬಾಯಿಪಾಠ. ಯಾರಾದರೂ ಮೈಸೂರು ಅಂದರೆ ಮೆಷೀನು ನೋಡೋ ಮುಂಚೆಯೇ "ಐವತ್ತೈದು" ಅಂತ ಕೈ ಒಡ್ಡೋನು. ನಾಗರಬಾವಿಯ ಲಾ ಕಾಲೇಜು ಹುಡುಗ ಸಮರ್ಥ ಒಂದು ಶುಕ್ರವಾರ ಐವತ್ತೈದು ಕೊಟ್ಟ. ಮೆಷೀನು ಕಾರ್ಡಿನಿಂದ ಕಿತ್ತಿದ್ದು ಹತ್ತೇ. ಹುಡುಗ ಕಿವಿಗೆ ಹಾಡು ಸಿಕ್ಕಿಸಿಕೊಂಡು ಟಿಕೆಟ್ ಮಡಚಿ ಹೋದ. ಮಿಕ್ಕ ನಲವತ್ತೈದು ವೆಂಕಟಗಿರಿಯ ಜೇಬಿಗೆ. ಹುಡುಗ ರಾಮನಗರದ ಹತ್ತಿರ ರೈಲಿನ ಬಾಗಿಲಿಂದ ಬಿದ್ದು ಸತ್ತ. ಬಾಗಿಲಲ್ಲಿ ಅವನ ಒಂದೇ ಚಪ್ಪಲಿ ಸಿಕ್ಕಿತು ಅಂತ ಪೇಪರಿನಲ್ಲಿ ಬಂತು, ಇವನು ಲೊಚಗುಟ್ಟಿ ಪುಟ ತಿರುಗಿಸಿದ. ಆಮೇಲೆ ಮುನಿಯಪ್ಪ. ಅವನೂ ಐವತ್ತೈದು ಕೊಟ್ಟ, ಮೆಷೀನು ಹತ್ತೇ ಕಿತ್ತಿತು, ನಲವತ್ತೈದು ಜೇಬಿಗೆ.

ಹತ್ತು ರೂಪಾಯಿಗೆ ಎಲ್ಲಿವರೆಗೆ ಹೋಗಬಹುದು ಅಂತ ಬೇರೆಯವರಿಗೆ ಗೊತ್ತಿಲ್ಲದಿದ್ದರೂ ವೆಂಕಟಗಿರಿಗೆ ಗೊತ್ತು. ರಾಮನಗರದವರೆಗೆ. ಮೆಷೀನು ತಪ್ಪು ದರ ಹಾಕಿರಲಿಲ್ಲ... ಅವರು ಎಷ್ಟು ದೂರ ಹೋಗೋರೋ ಅಷ್ಟಕ್ಕೆ ಮಾತ್ರ ಹಾಕಿತ್ತು.

ಬಾವಿ ಹತ್ತಿರ ಅವನು ನಿಂತಿದ್ದು ಅದಕ್ಕೆ.

ಮಾರನೇ ದಿನದಿಂದ ಮೈಸೂರು ಅಂದವರನ್ನೆಲ್ಲ ಕೌಂಟರಿಗೆ ಅಟ್ಟಿದ. ಹಾಗೆ ಒಂಬತ್ತು ದಿನ ಕಳೀತು.

ಹತ್ತನೇ ರಾತ್ರಿ ಅವನ ಹೆಂಡತಿ ಪುಟ್ಟಲಕ್ಷ್ಮಿ ಕೈಚೀಲ ಹಿಡಿದು ಸ್ಟೇಷನ್ನಿಗೇ ಬಂದರು. ಮೈಸೂರಿನ ಆಸ್ಪತ್ರೆಯಿಂದ ಫೋನು. ಅವರ ಅಕ್ಕ ಬೆಳಗಿನವರೆಗೆ ಇರೋದು ಅನುಮಾನ, ತಂಗಿಯನ್ನು ಕೇಳ್ತಾ ಇದ್ದಾರೆ. ರೈಲಿಗೆ ಇನ್ನು ಹತ್ತು ನಿಮಿಷ. ವೆಂಕಟಗಿರಿ ಬಸ್ಸು ಅಂದ, ಕಾರು ಅಂದ. ಆಕೆ ಕೇಳಲಿಲ್ಲ. ಸರಿ, ಇಲ್ಲೇ ನಿಂತಿರು ಅಂತ ಹೇಳಿ ಕಾರ್ಡು, ಚೀಲ ಎಲ್ಲ ಆಕೆಯ ಕೈಗೆ ಕೊಟ್ಟು ಕೌಂಟರಿಗೆ ಓಡಿದ. ಗುರುಬಸಪ್ಪನ ಪರದೆ ಮೇಲೆ ಐವತ್ತೈದು ಅಂತಲೇ ಇತ್ತು, ಆದರೆ ಕಾಗದದ ರೋಲು ಸಿಕ್ಕಿಕೊಂಡು ಟಿಕೆಟ್ ಹೊರಗೆ ಬರ್ತಾ ಇರಲಿಲ್ಲ. ಅವನು ರೋಲು ಬಿಚ್ಚಿ ಕಟ್ಟೋದರೊಳಗೆ ಹಿಂದಿನಿಂದ... ಚರ್ರ್... ಚರ್ರ್... ಟಕ್.

ಪುಟ್ಟಲಕ್ಷ್ಮಿ ಎರಡು ವರ್ಷದಿಂದ ಗಂಡನ ಕೆಲಸ ನೋಡಿ ನೋಡಿ ಕಲಿತಿದ್ದರು. ಅವನದೇ ಕಾರ್ಡು ಇಟ್ಟು ಒತ್ತಿಬಿಟ್ಟಿದ್ದರು.

"ಹತ್ತೇ ರೂಪಾಯಿ ಕಣ್ರೀ," ಅಂದರು. "ನಿಮಗೆ ಸುಮ್ಮನೆ ಕೌಂಟರ್ ಹುಚ್ಚು."

ವೆಂಕಟಗಿರಿ ಆ ಟಿಕೆಟ್ ಕಸಿದು ಇನ್ನೊಂದು ಒತ್ತಿದ. ತನಗೆ. ಮೆಷೀನು ಐವತ್ತೈದು ಕಿತ್ತಿತು. ಅದೇ ಊರು, ಅದೇ ರೈಲು, ಅದೇ ನಿಮಿಷ. ಅಂದರೆ ತಾನು ತಲುಪುತ್ತೇನೆ.

ರೈಲು ಬಂತು. ಹೋಗಬೇಡ ಅಂತ ಕೈ ಹಿಡಿದ. ಆಕೆ ಅವನ ಮುಖ ನೋಡಿದರು. "ನನ್ನ ಅಕ್ಕ ರೀ," ಅಂದರು, ಅಷ್ಟೇ. ಹತ್ತಿಬಿಟ್ಟರು. ಅವನೂ ಹತ್ತಿದ.

ಜನರಲ್ ಬೋಗಿ. ಅಲ್ಲೊಬ್ಬ ಇಲ್ಲೊಬ್ಬ ಮುಸುಕು ಹಾಕಿ ಮಲಗಿದ್ದರು. ಕೆಂಗೇರಿ ದಾಟಿತು, ಬಿಡದಿ ದಾಟಿತು. ಪುಟ್ಟಲಕ್ಷ್ಮಿ ಕಿಟಕಿಗೆ ತಲೆ ಆನಿಸಿ ನಿದ್ದೆಹೋದರು. ನಿದ್ದೆಯಲ್ಲಿ ಆಕೆಗೆ ಸಣ್ಣಗೆ ಗೊರಕೆ, ಕುಕ್ಕರ್ ಸೀಟಿ ಹೊಡೆಯೋ ಮುಂಚೆ ಮಾಡೋ ಸದ್ದಿನ ಹಾಗೆ. ವೆಂಕಟಗಿರಿ ಆಕೆಯ ಮಣಿಕಟ್ಟು ಹಿಡಿದು ಆ ಗೊರಕೆಯನ್ನೇ ಕೇಳ್ತಾ ಕೂತ. ಸುಸ್... ಸುಸ್... ಆಮೇಲೆ ತಡೆದು ತಡೆದು... ಸುಸ್... ಕೈ ತಣ್ಣಗಾಗ್ತಾ ಬಂತು. ಎಬ್ಬಿಸಿದರೆ ಏಳಲಿಲ್ಲ. ಹೊರಗೆ ರಾಮನಗರದ ಬಂಡೆ ಗುಡ್ಡಗಳು ಕತ್ತಲಲ್ಲಿ ಕಾಣಿಸೋಕೆ ಶುರುವಾದವು.

ಆಗ ಅವನಿಗೆ ಕ್ಲರ್ಕ್ ಬುದ್ಧಿ ಹೊಳೀತು. ಟಿಕೆಟ್ಟಿನ ದೂರ ಮುಗಿಯೋ ಮುಂಚೆ ಟಿಟಿಇ ಹತ್ತಿರ ಹೋಗಿ ಮಿಕ್ಕ ದರ ಕಟ್ಟಿದರೆ ಮುಂದಕ್ಕೆ ರಸೀದಿ ಬರೆದುಕೊಡ್ತಾರೆ. ಅದು ರೈಲ್ವೆ ಕಾನೂನು. ಆದರೆ ಇಷ್ಟು ಹೊತ್ತಲ್ಲಿ ಜನರಲ್ ಬೋಗಿಗೆ ಯಾವ ಟಿಟಿಇ ಬರ್ತಾನೆ?

ಠಣ್... ಠಣ್... ಯಾರೋ ಸೀಟಿನ ಕಂಬಿಗಳಿಗೆ ಟಿಕೆಟ್ ತೂತು ಹಾಕೋ ಇಕ್ಕಳ ತಟ್ಟಿಕೊಂಡು ಬರ್ತಾ ಇದ್ದರು.

ಕಪ್ಪು ಕೋಟು. ಕೋಟಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು, ಮಳೆ ಇಲ್ಲ ಏನಿಲ್ಲ, ಆ ಬಾವಿಯಿಂದ ಎದ್ದು ಬಂದವನ ಹಾಗೆ. ಮುಖ ಹೇಗಿತ್ತು ಅಂತ ನಾನು ಎಷ್ಟೋ ಸಲ ಕೇಳಿದ್ದೀನಿ. ಅವನು ಹೇಳಲ್ಲ.

"ಮಿಕ್ಕಿದ್ದು ಕಟ್ಟಿಬಿಡ್ತೀನಿ ಸಾರ್," ಅಂದ ವೆಂಕಟಗಿರಿ, ಪಿಸುಮಾತಲ್ಲಿ. "ನಲವತ್ತೈದು."

"ನೂರ ಮೂವತ್ತೈದು."

"ಒಬ್ಬಳೇ ಸಾರ್ ಇವಳು..."

"ಹಿಂದಿನ ಇಬ್ಬರದ್ದು ನಿಮ್ಮ ಜೇಬಲ್ಲಿದೆ."

ರೈಲು ವೇಗ ಇಳಿಸ್ತಾ ಇತ್ತು. ಪುಟ್ಟಲಕ್ಷ್ಮಿ ಒಂದು ಉಸಿರು ತಗೊಂಡರು, ಅದನ್ನು ವಾಪಸ್ ಬಿಡಲಿಲ್ಲ. ವೆಂಕಟಗಿರಿ ಜೇಬು ಉಲ್ಟಾ ಮಾಡಿದ. ನೂರ ಇಪ್ಪತ್ತಿತ್ತು. ಫೋನಲ್ಲಿ ಕಳಿಸ್ತೀನಿ ಅಂತ ಅಂದನಂತೆ, ಆ ಹೊತ್ತಲ್ಲೂ. ಟಿಟಿಇ ಅಂಗೈ ಚಾಚಿದ. ಕೊನೆಗೆ ಹೆಂಡತಿಯ ಸೊಂಟದ ಸಣ್ಣ ಪರ್ಸಿಗೆ ಕೈ ಹಾಕಿ, ಐದು ರೂಪಾಯಿಯ ಮೂರು ನಾಣ್ಯ ತಡಕಿ ತೆಗೆದು ಆ ಒದ್ದೆ ಅಂಗೈಯಲ್ಲಿಟ್ಟ.

ಟಿಟಿಇ ಕಾರ್ಬನ್ ಕಾಗದ ಇಟ್ಟು ನಿಧಾನವಾಗಿ ಬರೆದ. ಪೆನ್ನು ಕರಕರ ಅಂತ ಓಡಿತು. ಹೊರಗೆ ರಾಮನಗರದ ಪ್ಲಾಟ್‌ಫಾರ್ಮಿನ ದೀಪಗಳು ಒಂದೊಂದಾಗಿ ಕಿಟಕಿಗೆ ಬಂದು ಹೋದವು. ಪರ್ರ್... ಅಂತ ಹಾಳೆ ಹರಿದುಕೊಟ್ಟ.

ಪುಟ್ಟಲಕ್ಷ್ಮಿ ಜೋರಾಗಿ ಉಸಿರು ಬಿಟ್ಟು ಎದ್ದು ಕೂತರು. "ಯಾವ ಊರು ರೀ ಇದು?"

ಅವನು ಉತ್ತರ ಕೊಡೋದರೊಳಗೆ ರೈಲು ಹೊರಟಿತ್ತು. ಬೋಗಿಯಲ್ಲಿ ಟಿಟಿಇ ಇರಲಿಲ್ಲ. ನೆಲದಲ್ಲಿ ನೀರಿತ್ತು.

ರಸೀದಿಯಲ್ಲಿ ಬರೆದಿದ್ದು ಸ್ಪಷ್ಟವಾಗೇ ಇತ್ತು. ರಾಮನಗರದಿಂದ ಮೈಸೂರು. ಪ್ರಯಾಣಿಕರು, ಮೂರು.

ಅಕ್ಕ ತಂಗಿಯ ಕೈ ಹಿಡಿದುಕೊಂಡೇ ಬೆಳಗಿನ ಜಾವ ಹೋದರು. ಅದಕ್ಕೆ ಯಾವ ಮೆಷೀನೂ ಕಾರಣ ಅಲ್ಲ. ವೆಂಕಟಗಿರಿ ಆಮೇಲೆ ಸ್ಟೇಷನ್ನಿಗೆ ಕಾಲಿಟ್ಟಿಲ್ಲ, ಕಾರ್ಡು ಮುರಿದು ಎಸೆದ. ನೋಡಿ, ನಾನು ಬಂಡಿಗಟ್ಟಲೆ ಸುಳ್ಳು ಹೇಳಿರೋನು, ಹುಲಿಗೆ ಬಾಚಣಿಗೆ ಹಾಕಿದ್ದೀನಿ ಅಂತ ನಿಮಗೇ ಹೇಳಿದ್ದೀನಿ. ಈ ಕತೆಗೆ ಮಾತ್ರ ಒಂದು ಅಕ್ಷರ ಸೇರಿಸಿಲ್ಲ. ಎದುರುಮನೆ ಕದ ತಟ್ಟಿ ಕೇಳಿ, ಪುಟ್ಟಲಕ್ಷ್ಮಿಯವರೇ ಹೇಳ್ತಾರೆ. ಯಾಕಂದರೆ ಮೈಸೂರಿನ ಗೇಟಿನಲ್ಲಿ ನಡೆದಿದ್ದನ್ನು ಆಕೆಯೂ ಕಣ್ಣಾರೆ ನೋಡಿದರು.

ಗೇಟಿನ ಹತ್ತಿರ ವಯಸ್ಸಾದ ಟಿಕೆಟ್ ಕಲೆಕ್ಟರು ಒಬ್ಬರೇ ಇದ್ದರು, ಕಣ್ಣು ನಿದ್ದೆಗಣ್ಣು. ವೆಂಕಟಗಿರಿಯ ಟಿಕೆಟ್ ನೋಡಿ ಬಿಟ್ಟರು. ರಸೀದಿ ಈಸಿಕೊಂಡು ಪುಟ್ಟಲಕ್ಷ್ಮಿಯನ್ನು ನೋಡಿ "ಒಂದು" ಅಂದರು. ಆಕೆ ಈಚೆ ಬಂದ ಮೇಲೂ ಗೇಟು ಹಿಡಿದುಕೊಂಡೇ ನಿಂತರು. ಖಾಲಿ ಪ್ಲಾಟ್‌ಫಾರ್ಮಿನ ಕಡೆ ನೋಡ್ತಾ "ಎರಡು" ಅಂದರು. ಸ್ವಲ್ಪ ತಡೆದು, "ಬನ್ನಿ, ಬನ್ನಿ... ಮೂರು" ಅಂತ ಗೇಟು ಮುಚ್ಚಿದರು. ಆಮೇಲೆ ವೆಂಕಟಗಿರಿಯನ್ನು ಕರೆದು ಹೇಳಿದರು.

"ನಿಮ್ಮ ಹುಡುಗನಿಗೆ ಒಂದೇ ಕಾಲಲ್ಲಿ ಚಪ್ಪಲಿ ಇದೆ. ಹೊರಗೆ ಗಾಜು ಬಿದ್ದಿದೆ, ನೋಡ್ಕೊಂಡು ನಡೀಯಕ್ಕೆ ಹೇಳಿ."