ಲಡಾಯಿ ಮುಗಿದ ಮೇಲಿನ ಆಟ

ಆದೆಮ್ಮನೇನೂ ಬೇಕೆಂದು ಕಿವಿಗೊಟ್ಟಿದ್ದಲ್ಲ. ರಾಯಚೂರು ಬಸ್‌ಸ್ಟ್ಯಾಂಡಿನಲ್ಲಿ ಮಾನ್ವಿ ಬಸ್ಸಿಗೆ ಕಾಯುತ್ತಿದ್ದವಳ ಪಕ್ಕದಲ್ಲೇ ಇಬ್ಬರು ಬಂದು ಕೂತರು. ಒಬ್ಬಳು ಗಬ್ಬೂರಿನಲ್ಲಿ ಬಳೆ ಅಂಗಡಿ ನಡೆಸುವ ಮಹಬೂಬಿ, ಇನ್ನೊಬ್ಬಳು ಅದೇ ಊರಿನ ಆಟದ ಟೀಚರ್.

"ನಿಮ್ಮ ಕೈಯಾಗ ಇದೇನ್ರಿ ಟೀಚರಮ್ಮ, ಒನಕಿ ಮರಿ ಇದ್ದಂಗದ?"

"ಬೇಸ್‌ಬಾಲ್ ದಾಂಡು, ಅಕ್ಕಾ. ಅಮೇರಿಕಾದಾಗ ಹೆಣ್ಮಕ್ಕಳು ಪಗಾರ ತಗೊಂಡು ಆಡ್ತಿದ್ರಂತ."

"ಆಟಕ್ಕ ಪಗಾರ? ಯಾವಾಗ್ರಿ?"

"ಎರಡನೇ ಮಹಾಯುದ್ಧದಾಗ. ಗಂಡಸರು ಲಡಾಯಿಗೆ ಹೋಗಿದ್ರು, ಅದಕ್ಕ ಇವರ ಟೀಮ್ ಕಟ್ಟಿದ್ರು."

"ಏನು ಉಟ್ಕೊಂತಿದ್ರು?"

"ತುಂಡು ಲಂಗ. ಓಡಿ ಬಂದು ನೆಲಕ್ಕ ಜಾರಿದ್ರ ತೊಡಿ ತರಚಿ ರಕ್ತ ಬರ್ತಿತ್ತು. ತುಟಿ ಬಣ್ಣ ಮಾತ್ರ ಅಳೀಬಾರ್ದು ಅಂತ ಮಾಲೀಕರ ಹುಕುಂ."

"ಯಾ ಅಲ್ಲಾ! ಜನ ಬರ್ತಿದ್ರೇನು?"

"ಮೊದ್ಲು ನಗಾಕ ಬಂದ್ರು. ಆಮ್ಯಾಲ ಆಟ ನೋಡಾಕ ಬಂದ್ರು."

ಮಹಬೂಬಿ ಕೈಬಳೆಗಳನ್ನು ಮೇಲಕ್ಕೆ ಸರಿಸಿಕೊಂಡಳು.

"ನಮ್ಮವರು ಬರೋ ಶುಕ್ರಾರ ಸೌದಿಯಿಂದ ಬರಾಕತ್ತಾರ. ಇನ್ನ ಅಂಗಡಿ ನಾ ನೋಡ್ಕೊಂತೀನಿ, ನೀ ಮನ್ಯಾಗ ಆರಾಮ ಇರು ಅಂದಾರ."

"ಇಷ್ಟು ವರ್ಷ ನಡಿಸಿದ್ದು ನೀವಲ್ರಿ?"

"ಅದಿರ್ಲಿ. ಲಡಾಯಿ ಮುಗಿಸಿ ಗಂಡಸರು ಹೊಳ್ಳಿ ಬಂದ್ರಲ್ಲ, ಆ ಹೆಣ್ಮಕ್ಕಳು ಆಟ ಬಿಟ್ರೇನು?"

"ಇಲ್ಲಕ್ಕಾ. ಆಮ್ಯಾಲೂ ಬಾಳ ವರ್ಷ ಆಡಿದ್ರು."

ಅಷ್ಟರಲ್ಲಿ ಗಬ್ಬೂರಿನ ಮೇಲೆ ಹೋಗುವ ದೇವದುರ್ಗದ ಬಸ್ಸು ಬಂತು. ಬಾಗಿಲಿಗೆ ಗಂಡಸರು ಮುತ್ತಿಕೊಂಡರು. ಮಹಬೂಬಿ ಎದ್ದು ಕೈಚಾಚಿದಳು.

"ಆ ದಾಂಡು ಇತ್ತ ಕೊಡ್ರಿ, ನಾ ಹಿಡ್ಕೊಂತೀನಿ."

ದಾಂಡು ಕಂಡದ್ದೇ ತಡ, ಗುಂಪು ಎರಡಾಗಿ ದಾರಿ ಬಿಟ್ಟಿತು. ಮಾನ್ವಿ ಬಸ್ಸು ಇನ್ನೂ ಬರಬೇಕಿತ್ತು; ಆದೆಮ್ಮ ತನ್ನ ಕೈಯಲ್ಲಿದ್ದ ಮಡಚಿದ ಕೊಡೆಯನ್ನೊಮ್ಮೆ ನೋಡಿಕೊಂಡಳು.