ಪೈಪು ಬಿಡದೆ ಮುಚ್ಚಿದ ಬಾವಿ

ಇದು ನಮ್ಮ ಚಿಕ್ಕಪ್ಪನ ಮಗ ಸುಮಂತನಿಗೆ ಆದದ್ದು. ನಗಬೇಡಿ... ಅವನೂ ಹೀಗೇ ನಗುತ್ತಿದ್ದ.

ಉದ್ಘಾಟನೆಯ ಹಿಂದಿನ ರಾತ್ರಿ. ಹನ್ನೊಂದು ದಾಟಿತ್ತು. ಬೆಳಗಾವಿಯ ಆ ಹಳೇ ಚಿತ್ರಶಾಲೆಯ ಅಂಗಳ ದಾಟಿ ಸುಮಂತ ಮನೆಗೆ ಹೊರಟಿದ್ದ. ಚಿತ್ರಶಾಲೆಯನ್ನು ದೊಡ್ಡದು ಮಾಡಿ, ಮುಂದೆ ಜನರಿಗಾಗಿ ಕಲ್ಲುಹಾಸಿನ ಅಂಗಳ ಕಟ್ಟುವ ಕೆಲಸದ ಎಂಜಿನಿಯರ್ ಅವನೇ. ಜನರಿಗಾಗಿ ಅಂತೆ! ಸುತ್ತ ಕಂಬಿ, ಗೇಟಿನಲ್ಲಿ ಕಾವಲುಗಾರ, ಸಂಜೆ ಆರಕ್ಕೆ ಬೀಗ. ನಾಲ್ಕು ಓಣಿಯವರು ನೀರು ಸೇದುತ್ತಿದ್ದ ಬಾವಿಯ ಮೇಲೆ ಕಾಂಕ್ರೀಟ್ ಸುರಿದು ಗ್ರಾನೈಟ್ ಹಾಸಿದ್ದರು. ಬಾವಿಯ ಗಾಲಿ, ಹಗ್ಗಗಳನ್ನು ಚಿತ್ರಶಾಲೆಯೊಳಗೆ ಗಾಜಿನ ಪೆಟ್ಟಿಗೆಯಲ್ಲಿಟ್ಟು ‘ನಮ್ಮ ಜನಪದ’ ಎಂದು ಚೀಟಿ ಅಂಟಿಸಿದ್ದರು. ಕೆಳಗೆ ‘ಮುಟ್ಟಬಾರದು’.

ಬಾವಿ ಮುಚ್ಚುವ ದಿನ ಗಾರೆ ಕೆಲಸದ ಗೌಂಡಿ ಈರಣ್ಣ ಬೇಡಿಕೊಂಡಿದ್ದ. ಖಾನಾಪುರ ತಾಲೂಕಿನ ಬೀಡಿ ಎಂಬ ಊರಿನವನು.

"ಸಾಹೇಬ್ರ, ಒಂದ್ ಪೈಪ್ ಬಿಡೂಣ್ರಿ. ಬಾವಿ ಉಸಿರಾಡಬೇಕು. ನಮ್ಮ ಕಡೆ ಪೈಪ್ ಬಿಡದ ಮುಚ್ಚಂಗಿಲ್ರಿ."

"ಹಾಸಿನ ನಟ್ಟನಡುವ ಪೈಪು? ತಲಿಯಾಗ ಸಗಣಿ ತುಂಬೇದೇನು?"

ಕೂಲಿಯವರೆಲ್ಲರ ಮುಂದೆ ಸುಮಂತ ಹೀಗಂದ. ಓದಿದವನಲ್ಲವೇ! ಈರಣ್ಣ ಪೈಪು ಬದಿಗಿಟ್ಟು ಕಾಂಕ್ರೀಟ್ ಸುರಿದ.

ಉದ್ಘಾಟನೆಯ ಹಿಂದಿನ ಆ ರಾತ್ರಿ... ಬೀಗ ಹಾಕಿದ ಚಿತ್ರಶಾಲೆಯೊಳಗೆ... ಕಿರ್ರ್... ಕಿರ್ರ್... ಗಾಲಿ ತಿರುಗಿತು. ಆಮೇಲೆ ಸುಮಂತನ ಕಾಲಡಿಯ ಆಳದಲ್ಲಿ, ಬುಳುಕ್. ಕೊಡ ಮುಳುಗುವ ಸದ್ದು. ಗ್ರಾನೈಟ್ ಕಲ್ಲೊಂದು ಟಕ್ ಎಂದು ಎದ್ದಿತು. ಕೂತಿತು. ಮತ್ತೆ ಎದ್ದಿತು... ಮಲಗಿದವರ ಎದೆಯ ಹಾಗೆ.

ಜಂಬವೆಲ್ಲ ಜರ್ರನೆ ಇಳಿಯಿತು. ಓಡಿಹೋಗಿ, ಶೆಡ್ಡಿನಲ್ಲಿ ಮಲಗಿದ್ದ ಈರಣ್ಣನ ಕಾಲು ಹಿಡಿದ.

"ಈರಣ್ಣಾ... ಪೈಪು..."

"ಈಗ ಬೇಕೇನ್ರಿ?"

"ಈಗಿಂದೀಗ... ಬೆಳಕಾಗೂದ್ರಾಗ ಕಲ್ಲೆಲ್ಲಾ ಕಿತ್ತು ಬರ್ತಾವೋ. ನನ್ನ ನೌಕ್ರಿ ಹೋಗ್ತದ."

ಇಬ್ಬರೂ ಸೇರಿ ನಸುಕಿನ ತನಕ ಕೊರೆದರು. ತೂತು ಬಿದ್ದದ್ದೇ ತಡ, ಹ್ಹಾ... ಎಂದು ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ತೂತಿಗೆ ಪೈಪು ನಿಲ್ಲಿಸಿದರು. ಕಲ್ಲು ಸುಮ್ಮನಾಯಿತು.

ಬೆಳಿಗ್ಗೆ ಉದ್ಘಾಟನೆಗೆ ಬಂದ ದೊಡ್ಡವರು ಆ ಬಿಳಿ ಪೈಪಿನ ಮುಂದೆ ನಿಂತರು.

"ಇದೇನ್ರಿ?"

"ಕಲಾಕೃತಿ, ಸರ್," ಎಂದ ಸುಮಂತ.

"ವಾಹ್! ಭಾಳ ಅರ್ಥ ಐತಿ!"

ಚಪ್ಪಾಳೆ. ಅವರು ತಟ್ಟಿದರೆಂದು ಎಲ್ಲರೂ ತಟ್ಟಿದರು, ಕುರಿಗಳು! ಈರಣ್ಣ ಗೇಟಿನಾಚೆ ನಿಂತಿದ್ದ. ಪಾಸ್ ಇಲ್ಲವೆಂದು ಕಾವಲುಗಾರ ಒಳಗೆ ಬಿಟ್ಟಿರಲಿಲ್ಲ.

ಖರೇ ಹೇಳುತ್ತೇನೆ, ಸುಳ್ಳೆನ್ನುವವರು ಹೋಗಿ ನೋಡಿ. ಆ ಗಾಜಿನ ಪೆಟ್ಟಿಗೆಗೆ ಬೀಗವಿದೆ. ಕೀಲಿ ಸುಮಂತನ ಕಿಸೆಯಲ್ಲೇ ಇರುತ್ತದೆ. ಒಳಗಿನ ಹಗ್ಗ ದಿನಾ ಬೆಳಿಗ್ಗೆ ಹಸಿಯಾಗಿರುತ್ತದೆ.