ಅಮ್ಮ ಹಾಡು ತುಂಬಿದ ಡಿಸ್ಕು

ಆ ಬೆಳಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ನಿಲ್ದಾಣಕ್ಕೆ ಬರುವ ಬಸ್ಸುಗಳು ಹಾರ್ನಿನಿಂದಲೇ ತಮ್ಮ ಗುರುತು ಹೇಳಿಕೊಳ್ಳುತ್ತಿದ್ದವು. ಟಿಕೆಟ್ ಕಿಟಕಿಯ ಹೆಂಗಸಿಗೆ ಎದುರಿನ ಬೆಂಚೊಂದೇ ಕಾಣುತ್ತಿತ್ತು. ಅಲ್ಲಿ ಬಸ್ಸಿಗೆ ಕಾಯುತ್ತಿದ್ದ ಅಣ್ಣ, ಕಳಿಸಲು ಬಂದ ತಂಗಿ. ತಂಗಿಯ ಹೆಗಲ ಮೇಲೆ ನಿದ್ದೆಹೋದ ಕೂಸು, ತೊಡೆಯ ಮೇಲೆ ಲ್ಯಾಪ್‌ಟಾಪ್, ಅದಕ್ಕೆ ಸಿಕ್ಕಿಸಿದ ಅಣ್ಣನ ಡಿಸ್ಕು.

“ಅನ್‌ಮೌಂಟ್ ಆಗ್ತಿಲ್ಲ ಅಣ್ಣಾ, ಲ್ಯಾಪ್‌ಟಾಪು ಡಿಸ್ಕನ್ನ ಬಿಡ್ತಾನೇ ಇಲ್ಲ, ‘ಬಿಜಿ’ ಅಂತಿದೆ. ಕಿತ್ತುಬಿಡ್ಲಾ?”

“ಅಯ್ಯೋ, ಬೇಡ ತಾಯಿ! ಹಾಗೆ ಕಿತ್ತೇ ಅಲ್ವಾ ನಾನು ಅಪ್ಪನ ಫೋಟೋ ಎಲ್ಲಾ ಕಳ್ಕೊಂಡಿದ್ದು?”

“ಮತ್ತೇನು ಮಾಡ್ಲಿ?”

“ಮನೆಯೊಳಗೆ ಜನ ಇದ್ದಾಗ ಹೊರಗಿಂದ ಬೀಗ ಹಾಕ್ತಾರೇನೇ? ಯಾವುದೋ ಫೈಲು ತೆರೆದಿದೆ. ಯಾವುದು ಅಂತ ಕೇಳು.”

ಕೀಲಿಗಳು ಟಕಟಕ ಎಂದವು.

“ಅಮ್ಮನ ಜೋಗುಳ. ಕೂಸು ಮಲಗ್ತು ಅಂತ ಅರ್ಧಕ್ಕೆ ನಿಲ್ಲಿಸಿದ್ದೆ. ಮುಚ್ಚೋಕೆ ಮನಸ್ಸು ಬರ್ಲಿಲ್ಲ.”

“ಕಾಪಿ ಮಾಡ್ಕೊಂಡಿದ್ದೀಯಲ್ಲ, ಪೆದ್ದಿ!”

“ಕಾಪಿ ನಾನು ಮಾಡಿದ್ದು. ಇದ್ರೊಳಗೆ ಅಮ್ಮನೇ ಕೂತು ಹಾಡಿ ತುಂಬಿದ್ದು.”

ಮಂಜಿನೊಳಗಿಂದ ಅಣ್ಣನ ಬಸ್ಸು ಕೂಗಿತು.

“ಹಾಡು ಹಾಕು,” ಎಂದ. “ಅಮ್ಮನ್ನ ಅರ್ಧಕ್ಕೆ ನಿಲ್ಲಿಸ್ಬಾರ್ದು.”

ತುಸು ಒಡೆದ ದನಿಯೊಂದು ಬೆಂಚಿನಿಂದ ಕಿಟಕಿಯವರೆಗೂ ಬಂತು. ಹೆಂಗಸು ಚಿಲ್ಲರೆಯನ್ನು ಸದ್ದಾಗದಂತೆ ಕೆಳಗಿಟ್ಟಳು. ಹಾಡು ಮುಗಿಯಿತು, ಕೂಸು ನಿದ್ದೆಯಲ್ಲೇ ನಿಟ್ಟುಸಿರಿಟ್ಟಿತು.

“ಬಿಡ್ತು, ಅಣ್ಣಾ.”

“ನೋಡು, ಪೂರ್ತಿ ಕೇಳಿದ್ರೆ ಅದೇ ಬಿಡುತ್ತೆ.”

ತಂಗಿ ವೈರು ಸುತ್ತಿ, ಡಿಸ್ಕನ್ನು ಸೆರಗಿನಿಂದ ಒರೆಸಿ, ಅಣ್ಣನ ಅಂಗೈಯಲ್ಲಿಟ್ಟಳು.